ಬೋರ್ಡಿನ ಮೇಲಿನ ಗೆರೆ

ನಮ್ಮ ಇಳಕಲ್ಲಿನಲ್ಲಿ ಫ್ಲೆಕ್ಸಿಗೆ ಎರಡು ಜನ್ಮ. ಮೊದಲನೆಯದರಲ್ಲಿ ಅದು ಸರ್ಕಲ್ಲಿನಲ್ಲಿ ನಿಂತು ಊರಿಗೆಲ್ಲ ಹಬ್ಬದ ಶುಭಾಶಯ ಹೇಳುತ್ತದೆ. ಹಬ್ಬ ಮುಗಿದ ಮರುದಿನವೇ ಎರಡನೆಯದು ಶುರು. ಜೋಳದ ಕಣಿಕೆಯ ಬಣವೆಗೆ ಹೊದಿಕೆ, ಸೋರುವ ತಗಡಿಗೆ ತೇಪೆ, ಬಚ್ಚಲಿಗೆ ಮರೆ, ಹೀಗೆ ಯಾವುದಕ್ಕೂ ಒಲ್ಲೆ ಎನ್ನದೆ ದುಡಿಯುತ್ತದೆ. ಒಮ್ಮೆ ಐಹೊಳೆ ಕಡೆ ಹೋದಾಗ, ನಾನೇ ಹೊಡೆದುಕೊಟ್ಟಿದ್ದ ಮುಖಂಡರೊಬ್ಬರ ಮುಖದ ಮೇಲೆ ಎಮ್ಮೆಯೊಂದು ಮಲಗಿ ಮೆಲುಕು ಹಾಕುತ್ತಿತ್ತು. ಅಷ್ಟು ಬಿಸಿಲು ತಿಂದರೂ ಮುಖಂಡರ ಕೆನ್ನೆಯ ಬಣ್ಣ ಮಾಸಿರಲಿಲ್ಲ. ನನಗೆ ಭಾರಿ ಅಭಿಮಾನವಾಗಿ ಗಾಡಿ ನಿಲ್ಲಿಸಿ ಹತ್ತಿರ ಹೋಗಿ ನೋಡಿ ಬಂದೆ. ಎಮ್ಮೆ ಮಾತ್ರ ನನ್ನನ್ನು ಸಂಶಯದಿಂದ ನೋಡಿತು.

ಈ ಎರಡನೆಯ ಜನ್ಮದ ಫ್ಲೆಕ್ಸೊಂದು ಹೋದ ವಾರ ನಮ್ಮ ಮಾಳಿಗೆಯ ಮೇಲೆ ಸಿಕ್ಕಿತು. ನನ್ನ ಹೆಂಡತಿ ಅದನ್ನು ಹಾಸಿ ಕೆಂಪು ಮೆಣಸಿನಕಾಯಿ ಒಣಹಾಕುತ್ತಿದ್ದಳು, ನೆರವಿಗೆ ನನ್ನನ್ನೂ ಕರೆದಿದ್ದಳು.

"ಇದರಾಗ ಮುಖಾನ ಇಲ್ಲಲ್ರಿ," ಎಂದಳು. "ಬರೇ ಸೀರಿ ಐತಿ. ಯಾರದಿದು?"

ಬಗ್ಗಿ ಕಾಯಿಗಳನ್ನು ಕೈಯಿಂದ ಸರಿಸಿದೆ. ಕಪ್ಪಿಗೆ ಹತ್ತಿರದ ನೀಲಿ ಸೀರೆ, ಕೆಳಗೆ ಕೆಂಪು ದಡಿ, ನಡುವೆ ಸೊಂಟದಿಂದ ದಡಿಯವರೆಗೆ ನೆಟ್ಟಗೆ ಇಳಿದ ಕೂದಲೆಳೆಯಂಥ ಒಂದು ಗೆರೆ. ಗೆರೆ ಕಂಡದ್ದೇ ನನಗೆ ನಗು ಬಂತು. ಮೆಣಸಿನಕಾಯಿ ಹರವುವುದನ್ನು ಬಿಟ್ಟು ಅಲ್ಲೇ ಕಟ್ಟೆಗೆ ಒರಗಿ ಕೂತೆ. "ಕೆಲಸ ಹೇಳಿದ ಕೂಡಲೆ ಕೂಡ್ರತಾರ," ಎಂದು ಆಕೆ ಗೊಣಗಿದ್ದು ಕೇಳಿಸಿತು. ಕೇಳಿಸದವನಂತೆ ಇದ್ದೆ. ನನಗೆ ಆಗ ಆ ಗೆರೆಯ ಹಿಂದೆ ಬಿದ್ದು ಒಂದಿಡೀ ದಿನ ಹೊರಳಾಡಿದ್ದು ನೆನಪಾಗುತ್ತಿತ್ತು.

ನಾನು ಮತ್ತು ಮೆಹಬೂಬ ಸೇರಿ ಬಸ್ ಸ್ಟ್ಯಾಂಡ್ ಹತ್ತಿರ ಫ್ಲೆಕ್ಸ್ ಅಂಗಡಿ ಇಟ್ಟು ಬಹಳ ವರ್ಷಗಳಾದವು. ಇಬ್ಬರೂ ಒಂದೇ ಓಣಿಯವರು, ಒಂದೇ ಸಾಲಿಯಲ್ಲಿ ಒಂದೇ ಬೆತ್ತದಿಂದ ಏಟು ತಿಂದವರು. ಮಶಿನ್ನು ಹುಬ್ಬಳ್ಳಿಯಿಂದ ತಂದ ಹಳೆಯದು. ಅದರ ಉದ್ದನೆಯ ಕಂಬಿಯ ಮೇಲೆ ಶಾಯಿ ಉಗುಳುವ ಹೆಡ್ಡು ಆ ಕಡೆಯಿಂದ ಈ ಕಡೆ, ಈ ಕಡೆಯಿಂದ ಆ ಕಡೆ ಓಡುತ್ತದೆ. ಒಂದು ಓಟಕ್ಕೆ ಬೆರಳಗಲದ ಪಟ್ಟಿ ಬಣ್ಣ. ಫ್ಲೆಕ್ಸು ಅಷ್ಟೇ ಮುಂದೆ ಸರಿಯುತ್ತದೆ, ಹೆಡ್ಡು ಮತ್ತೆ ಓಡುತ್ತದೆ. ಹೊಸದಾಗಿ ತಂದಾಗ ನಾನು ಅದರ ಮುಂದೆ ಸ್ಟೂಲ್ ಹಾಕಿಕೊಂಡು ಗಂಟೆಗಟ್ಟಲೆ ನೋಡುತ್ತಿದ್ದೆ. ಯಾಕೆ ಅಷ್ಟು ಹಿತವಾಗುತ್ತದೆ ಎಂದು ಎಷ್ಟೋ ದಿನ ತಿಳಿಯಲಿಲ್ಲ. ಆಮೇಲೆ ತಿಳಿಯಿತು. ನಾನು ನೋಡುತ್ತಿದ್ದದ್ದು ಚಿಗವ್ವನ ಮಗ್ಗದ ಲಾಳಿಯನ್ನು.

ಚಿಗವ್ವ ಎಂದರೆ ನನ್ನ ಅವ್ವನ ತಂಗಿ ಗಂಗವ್ವ. ಅವಳ ಮನೆ ನಮ್ಮ ಮನೆಗೆ ಗೋಡೆಗೆ ಗೋಡೆ ಅಂಟಿಕೊಂಡಿದೆ. ನಡುಮನೆಯಲ್ಲೇ ಕುಣಿ ಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತರೆ ಚಿಗವ್ವ ಸೊಂಟದ ಮೇಲಷ್ಟೇ ಕಾಣುತ್ತಿದ್ದಳು. ಸಣ್ಣವನಿದ್ದಾಗ ನನಗೆ ಚಿಗವ್ವನಿಗೆ ಕಾಲುಗಳಿವೆ ಎಂಬುದೇ ಖಾತ್ರಿ ಇರಲಿಲ್ಲ. ಕೂತಲ್ಲಿಂದಲೇ ಅವಳ ಸಂಸಾರ ನಡೆಯುತ್ತಿತ್ತು. ಹಾಲಿನವನ ಜೊತೆ ಜಗಳ, ಒಲೆಯ ಮೇಲಿನ ಬ್ಯಾಳಿಗೆ ಕಾವಲು, ಓಣಿಯ ಸುದ್ದಿ, ನನಗೆ ಬೈಗುಳ, ಎಲ್ಲವೂ ಲಾಳಿಯ ತಾಳಕ್ಕೆ. ಮಾತಿನ ನಡುವೆ ಲಾಳಿ ನಿಂತದ್ದನ್ನು ನಾನು ನೋಡಿಲ್ಲ.

ಆ ಮನೆಯಲ್ಲಿ ನನಗೂ ಒಂದು ನೌಕರಿ ಇತ್ತು. ಹಾಸು, ಅಂದರೆ ಉದ್ದಕ್ಕೆ ಬಿಗಿದ ನೂಲುಗಳು, ಒಂದು ಹಗ್ಗದ ಆಧಾರದಲ್ಲಿ ತಂತಿಯಂತೆ ಬಿಗಿದು ನಿಂತಿರುತ್ತಿದ್ದವು. ಸಂಜೆ ದೀಪ ಹಚ್ಚುವ ಹೊತ್ತಿಗೆ ಚಿಗವ್ವ, "ಶಿವ್ಯಾ, ಹಗ್ಗ ಸಡಲ ಬಿಡೋ," ಎಂದು ಕೂಗುತ್ತಿದ್ದಳು. ನಾನು ಓಡಿಹೋಗಿ ಗೂಟದ ಹಗ್ಗ ಸಡಿಲಿಸುತ್ತಿದ್ದೆ. ಇಡೀ ಹಾಸು ಉಸಿರು ಬಿಟ್ಟ ಹಾಗೆ ಸ್ವಲ್ಪ ಕೆಳಗಿಳಿಯುತ್ತಿತ್ತು. ಇದಕ್ಕೆ ಸಂಬಳ, ಅಮೀನಗಡದ ಸಂತೆಯಿಂದ ಬಂದ ಕರದಂಟಿನ ಒಂದು ಚೂರು. ಹಗ್ಗ ಯಾಕೆ ಸಡಿಲಿಸಬೇಕು ಎಂದು ನಾನು ಕೇಳಲಿಲ್ಲ. ಕರದಂಟು ಬಾಯಲ್ಲಿದ್ದಾಗ ಪ್ರಶ್ನೆ ಏಳುವುದಿಲ್ಲ.

ಈ ಚಿಗವ್ವನ ಮಗಳು ಸವಿತಾ. ನನಗಿಂತ ಎಂಟೊಂಬತ್ತು ವರ್ಷ ಚಿಕ್ಕವಳು, ನನಗಿಂತ ಹತ್ತು ಪಟ್ಟು ಚುರುಕು. ಅವ್ವ ಜೀವಮಾನವೆಲ್ಲ ನೇಯ್ದ ಸೀರೆಗಳು ಸಾವಕಾರರ ಅಂಗಡಿಗೆ ಹೋಗಿ, ಅವರ ಹೆಸರಿನ ಚೀಲದಲ್ಲಿ ಊರೂರಿಗೆ ಹೋದದ್ದನ್ನು ನೋಡುತ್ತಲೇ ಬೆಳೆದವಳು. ಹೋದ ವರ್ಷ ಮನೆಯ ಮುಂದಿನ ಕೋಣೆಗೆ ಷಟರ್ ಹಾಕಿಸಿ ತನ್ನದೇ ಸೀರೆ ಅಂಗಡಿ ತೆರೆಯುತ್ತೇನೆ ಎಂದಳು. ಗುಳೇದಗುಡ್ಡದಿಂದ ಕುಪ್ಪಸದ ಖಣ ತರಿಸಿದಳು. ಓಣಿಯ ನೇಕಾರರಿಂದ ಸೀರೆ ಹಿಡಿದಳು. ಬಸವ ಜಯಂತಿಗೆ ಉದ್ಘಾಟನೆ ಎಂದು ಎಲ್ಲರಿಗೂ ಹೇಳಿಯೂ ಬಿಟ್ಟಳು. ಉಳಿದದ್ದು ಬೋರ್ಡು.

"ಅಣ್ಣಾ, ಅವ್ವನ ಹೆಸರು ದೊಡ್ಡದಾಗಿ ಬರಬೇಕು," ಎಂದಳು. "ಬಾಜೂಕ ಅವ್ವ ನಿಂತ ಫೋಟೋ. ಆಕಿ ಕೈಲೆ ನೇಯ್ದ ಸೀರಿ ಉಟ್ಟಿದ್ದು. ಇಷ್ಟು ವರ್ಷ ಬ್ಯಾರೆಯವರ ಹೆಸರಿಲೆ ಹೋತು. ಇದೊಂದ ಬೋರ್ಡ್ ನಮ್ದು. ಒಂದು ಕಲೆ, ಒಂದು ಡಾಗ್ ಇರಬಾರ್ದು ನೋಡ."

"ನಮ್ಮ ಅಂಗಡ್ಯಾಗ ಡಾಗ್ ಎಲ್ಲಿಂದ ಬರತೈತಿ?" ಎಂದೆ. ಹೀಗೆ ಹೇಳಿದ ಮರುಕ್ಷಣವೇ ಮಶಿನ್ನು ಕೇಳಿಸಿಕೊಂಡಿತು ಎಂದು ನನ್ನ ಗುಮಾನಿ.

ಫೋಟೋ ಚಂದ ಬಂದಿತ್ತು. ಚಿಗವ್ವ ಹೊಸ್ತಿಲಲ್ಲಿ ಚೌಕಟ್ಟು ಹಿಡಿದು ನಿಂತಿದ್ದಾಳೆ, ಬೈಯಲು ಯಾರಾದರೂ ಸಿಗುತ್ತಾರೆಯೇ ಎಂದು ನೋಡುವವಳಂತೆ. ಬಸವ ಜಯಂತಿಯ ಹಿಂದಿನ ದಿನ ಬೆಳಿಗ್ಗೆ ಹೊಡೆಯಲು ಕೂತೆವು. ನಾಲ್ಕಡಿ ಅಗಲದ ರೋಲು. ಬೋರ್ಡಿನ ಎತ್ತರ ರೋಲಿನ ಅಗಲಕ್ಕೆ, ಉದ್ದ ರೋಲಿನ ಉದ್ದಕ್ಕೆ. ಹಾಗಾಗಿ ಚಿಗವ್ವ ಮಶಿನ್ನಿನಿಂದ ಅಡ್ಡ ಮಲಗಿಕೊಂಡೇ ಹೊರಬರತೊಡಗಿದಳು. ಬಂದವಳ ಮೈತುಂಬ ಬಿಳಿ ಗೆರೆಗಳು.

ಫ್ಲೆಕ್ಸಿನವರಿಗೆ ಗೆರೆ ಎಂದರೆ ವೈದ್ಯರಿಗೆ ಜ್ವರ ಇದ್ದ ಹಾಗೆ. ರೋಗ ಹೌದು, ಆದರೆ ಯಾವ ರೋಗ ಎಂದು ಅದು ಹೇಳುವುದಿಲ್ಲ. ಹೆಡ್ಡಿನಲ್ಲಿ ಕಣ್ಣಿಗೆ ಕಾಣದ ನೂರಾರು ತೂತುಗಳಿವೆ. ಒಂದು ಕಟ್ಟಿದರೂ ಗೆರೆ. ಫ್ಲೆಕ್ಸು ತುಸು ಹೆಚ್ಚು ಸರಿದರೂ ಗೆರೆ, ಕಡಿಮೆ ಸರಿದರೂ ಗೆರೆ. ಕರೆಂಟು ಹೋಗಿ ಬಂದರೆ ಗೆರೆ. ನಮ್ಮ ಕಡೆಯ ಒಣ ಗಾಳಿಗೆ ಶಾಯಿ ತೂತಿನ ಬಾಯಲ್ಲೇ ಒಣಗಿದರೂ ಗೆರೆ. ನನಗೆ ಈ ಹುಡುಕಾಟ ಎಂದರೆ, ನಿಜ ಹೇಳಬೇಕೆಂದರೆ, ಹಬ್ಬದೂಟದಷ್ಟು ಪ್ರೀತಿ. ಗಿರಾಕಿ ಎದುರಿಗೆ ಮುಖ ಸಪ್ಪಗೆ ಮಾಡಿಕೊಳ್ಳುತ್ತೇನೆ, ಒಳಗೊಳಗೇ ಖುಷಿಯಾಗಿರುತ್ತೇನೆ. ಮೆಹಬೂಬ ಇದಕ್ಕೆ ವಿರುದ್ಧ. ಅವನಿಗೆ ಗೆರೆ ಕಂಡರೆ ದೇವರು ನೆನಪಾಗುತ್ತಾನೆ.

"ಲೇ ಶಿವ್ಯಾ, ದೃಷ್ಟಿ ಆಗೇತಿ," ಎಂದು ಮಶಿನ್ನಿಗೆ ಲಿಂಬೆಹಣ್ಣು ಕಟ್ಟಲು ಹೊರಟ.

"ಮೊದಲ ನಾಝಲ್ ಚೆಕ್ ಹೊಡಿಯೋಣ. ಲಿಂಬಿಹಣ್ಣು ಆಮ್ಯಾಲೆ," ಎಂದೆ.

ನಾಝಲ್ ಚೆಕ್ ಎಂದರೆ ಎಲ್ಲ ತೂತುಗಳೂ ಒಂದೊಂದು ಪುಟ್ಟ ಗೆರೆ ಎಳೆದು ಹಾಜರಿ ಹಾಕುವ ಪಟ್ಟಿ. ಯಾರು ಹಾಜರಿಲ್ಲ ಎಂದು ಒಂದು ನೋಟಕ್ಕೆ ಗೊತ್ತಾಗುತ್ತದೆ. ಕಪ್ಪು ಪೂರ್ತಿ ಹಾಜರು. ಕೆಂಪು, ಹಳದಿ ಹಾಜರು. ನೀಲಿಯಲ್ಲಿ ಹಿಂದಿನ ಬೆಂಚಿನವರೆಲ್ಲ ಗೈರು. ಚಿಗವ್ವನ ಸೀರೆಯೋ ಮೈಯೆಲ್ಲ ನೀಲಿ.

ಶುರುವಾಯಿತು ಉಪಚಾರ. ತೊಳೆಯುವ ದ್ರಾವಣ ಹಾಕಿ, ಹೆಡ್ಡಿನ ಬುಡ ಮೆತ್ತಗೆ ಒರೆಸಿ, ಸಿರಿಂಜಿನಿಂದ ಎಳೆದು, ಒದ್ದೆ ಬಟ್ಟೆಯ ಮೇಲೆ ಹೆಡ್ಡನ್ನು ಕೂಡಿಸಿ ಕಾದೆವು. ಅಂಗಡಿ ತುಂಬ ಆ ದ್ರಾವಣದ ಘಾಟು. ಬಾಗಿಲು ತೆರೆದರೆ ಧೂಳು, ಮುಚ್ಚಿದರೆ ತಲೆಸುತ್ತು. ಹೋಗಿಬರುವವರೆಲ್ಲ ಒಂದೊಂದು ಔಷಧ ಹೇಳಿದರು. ಚಹಾದವನು ಬಿಸಿನೀರು ಹಾಕಲು ಹೇಳಿದ. ಹುನಗುಂದದಿಂದ ಹುಟ್ಟುಹಬ್ಬದ ಬ್ಯಾನರಿಗೆ ಬಂದವನು, ತನ್ನ ಮಗನ ಮುಖ ಹೋದ ಸಲ ಹಸಿರಾಗಿತ್ತು ಎಂದು ನೆನಪಿಸಿ, ಉಪಕಾರ ಮಾಡಿದವನಂತೆ ಹೋದ. ನಾನು ಯಾರ ಮಾತಿಗೂ ಬೇಸರಿಸಲಿಲ್ಲ. ಮಧ್ಯಾಹ್ನದ ರೊಟ್ಟಿ ಮುಗಿಸಿ ಬಂದು ಮತ್ತೆ ಪಟ್ಟಿ ಹೊಡೆದಾಗ ನೀಲಿಯ ತರಗತಿಯಲ್ಲಿ ಒಬ್ಬರೂ ಗೈರಿರಲಿಲ್ಲ. ಮೆಹಬೂಬ ಎದೆಯ ಮೇಲೆ ಕೈಯಿಟ್ಟು ಕೂತ.

ಮತ್ತೆ ಚಿಗವ್ವ ಅಡ್ಡ ಮಲಗಿ ಬಂದಳು. ಬಿಳಿ ಗೆರೆಗಳೆಲ್ಲ ಮಾಯ. ಬಣ್ಣ ಮುಟ್ಟಿದರೆ ಕೈಗೆ ಹತ್ತೀತು ಎನ್ನುವ ಹಾಗೆ ತುಂಬಿತ್ತು. ಸವಿತಾಳನ್ನು ಫೋನು ಮಾಡಿ ಕರೆಸಿದೆವು.

ಆಕೆ ಬಂದು ನೋಡಿದಳು. ಮೊದಲು ಅವ್ವನ ಮುಖ, ಆಮೇಲೆ ಹೆಸರು, ಆಮೇಲೆ ಸೀರೆ. ನೇಕಾರರ ಮನೆಯ ಕಣ್ಣು. ಬೆರಳು ತಂದು ಸರಿಯಾಗಿ ಸೊಂಟದ ಕೆಳಗೆ ಇಟ್ಟಳು.

"ಇದೇನಣ್ಣಾ? ಇಲ್ಲೊಂದು ಗೆರಿ ಐತಲ್ಲ."

ಇತ್ತು. ಉಳಿದವೆಲ್ಲ ಹೋಗಿ ಇದೊಂದು ಉಳಿದಿತ್ತು. ಬಿಳಿಯದಲ್ಲ, ನೀಲಿಯೇ, ಆದರೆ ಒಂದು ಎಳೆಯಷ್ಟು ದಟ್ಟ. ಹೆಡ್ಡು ಓಡುವ ದಿಕ್ಕಿನಲ್ಲೇ ನೆಟ್ಟಗೆ. ಸವಿತಾ ಏನೂ ರೇಗಲಿಲ್ಲ. ಅದೇ ಕಷ್ಟ. ಸುಮ್ಮನೆ ಬೋರ್ಡಿನ ಅಂಚು ಸವರುತ್ತ, "ಸೀರಿ ಅಂಗಡಿ ಬೋರ್ಡಿನ್ಯಾಗ ಡಾಗಿನ ಸೀರಿ ಇದ್ರ ಮಂದಿ ಏನಂತಾರಣ್ಣಾ? ಮೊದಲೇ, ಇಕಿ ಏನು ಅಂಗಡಿ ನಡಸ್ತಾಳ ಅಂತ ನಗಾಕ ಕುಂತಾರ," ಎಂದಳು. ನಾಳೆ ಬೆಳಿಗ್ಗೆ ಮಂದಿ ಬರುತ್ತಾರೆ, ಬೋರ್ಡು ಏರಬೇಕು.

"ನೀ ಮನಿಗೆ ಹೋಗು. ಸಂಜೀಕ ಅವ್ವನ್ನ ಕರಕೊಂಡ ಬಾ. ಗೆರಿ ಇರಂಗಿಲ್ಲ," ಎಂದು ಧೈರ್ಯ ಹೇಳಿ ಕಳಿಸಿದೆ.

ಆಮೇಲೆ ನಾವು ಮಾಡಿದ್ದನ್ನು ಹೇಳಿದರೆ ನೀವು ನಗುತ್ತೀರಿ. ಮತ್ತೆ ಹೆಡ್ಡು ತೊಳೆದೆವು. ಫ್ಲೆಕ್ಸು ಸರಿಯುವ ಅಳತೆಯನ್ನು ಕೂದಲಷ್ಟು ಹೆಚ್ಚಿಸಿದೆವು, ಕೂದಲಷ್ಟು ಇಳಿಸಿದೆವು. ಬೆಲ್ಟು, ಕಂಬಿ ಒರೆಸಿದೆವು. ರೋಲು ಬದಲಿಸಿದೆವು. ಸೀರೆಯ ಭಾಗವನ್ನಷ್ಟೇ ತುಂಡು ತುಂಡಾಗಿ ಹೊಡೆದು ನೋಡಿದೆವು. ಪ್ರತಿ ತುಂಡಿನಲ್ಲೂ ಗೆರೆ ಅಲ್ಲೇ, ಒಂದು ಎಳೆಯೂ ಆಚೀಚೆ ಇಲ್ಲ. ಮೆಹಬೂಬ ಕೊನೆಗೂ ಲಿಂಬೆಹಣ್ಣು ಕಟ್ಟಿದ. ನಾನೂ ತಡೆಯಲಿಲ್ಲ. ಅದಕ್ಕೂ ಗೆರೆ ಜಗ್ಗಲಿಲ್ಲ.

ಮಶಿನ್ನು ರಿಪೇರಿ ಮಾಡುವ ಬಾಗಲಕೋಟೆಯ ಗಿರೀಶನಿಗೆ ಫೋನು ಹಚ್ಚಿದೆ. ಅವನು ಬಾದಾಮಿಯಲ್ಲಿ ಇನ್ನಾರದೋ ಮಶಿನ್ನಿನ ಹೊಟ್ಟೆಯೊಳಗೆ ತಲೆ ಹಾಕಿದ್ದ. ನಮ್ಮ ಕಥೆ ಪೂರ್ತಿ ಕೇಳಿ ಕೇಳಿದ್ದು ಒಂದೇ ಮಾತು.

"ಚಿತ್ರ ತಿರುವಿ ಹೊಡದೀರೇನ್ರಿ?"

"ಇಲ್ಲ. ಯಾಕ?"

"ಒಂದು ತುಂಡು ತಿರುವಿ ಹೊಡೀರಿ. ಗೆರಿ ಮಶಿನ್ನಿಂದು ಇದ್ರ ಹೆಡ್ ಓಡೂ ಕಡೇನ ಬರತೈತಿ. ಚಿತ್ರದ ಸಂಗಾಟ ಗೆರೀನೂ ತಿರುಗಿತು ಅಂದ್ರ, ಮಶಿನ್ನಿಗೆ ಬೈಬ್ಯಾಡ್ರಿ."

ತಿರುವಿ ಹೊಡೆದೆವು. ಈ ಸಲ ಸೀರೆ ನೆಟ್ಟಗೆ ನಿಂತು ಹೊರಬಂತು. ಗೆರೆಯೂ ಅದರ ಜೊತೆಗೇ ತಿರುಗಿ ನೆಟ್ಟಗೆ ನಿಂತಿತ್ತು. ನಾನೂ ಮೆಹಬೂಬನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಬೆಳಗಿನಿಂದ ಸುಖಾಸುಮ್ಮನೆ ಬೈಸಿಕೊಂಡ ಮಶಿನ್ನು ತಣ್ಣಗೆ ನಿಂತಿತ್ತು. ಕಂಪ್ಯೂಟರಿನಲ್ಲಿ ಫೋಟೋ ಹಿಗ್ಗಿಸಿದರೆ ಅಲ್ಲೂ ಗೆರೆ. ಅಂದರೆ ಸೀರೆಯಲ್ಲೇ ಗೆರೆ. ಬೇರೆ ಊರಿನ ಫ್ಲೆಕ್ಸಿನವನಾಗಿದ್ದರೆ ಬಟ್ಟೆಯ ಮಡಿಕೆ ಎಂದುಕೊಂಡು ಎಂದೋ ಬೋರ್ಡು ಏರಿಸಿಬಿಡುತ್ತಿದ್ದ. ಸೀರೆ ನೇಯುವ ಮನೆಯ ಮಗ್ಗುಲಲ್ಲಿ ಬೆಳೆದ ನಾವು ಮಾತ್ರ ಸೀರೆಯ ಗೆರೆಯನ್ನು ಮಶಿನ್ನಿನಲ್ಲಿ ಹುಡುಕಿದ್ದೆವು. ಚಿಗವ್ವನ ಕೈಯ ಕೆಲಸದಲ್ಲಿ ಕಸರು ಇದ್ದೀತು ಎಂದು ನಮ್ಮಿಬ್ಬರಿಗೂ ಹೊಳೆಯಲೇ ಇಲ್ಲ.

ಮೆಹಬೂಬನಿಗೆ ಹೋದ ಜೀವ ಬಂತು. "ಇಷ್ಟನ? ಎರಡು ನಿಮಿಷದ ಕೆಲಸ," ಎಂದು ಮೌಸು ಹಿಡಿದು, ಪಕ್ಕದ ನೀಲಿಯನ್ನು ಎತ್ತಿ ಗೆರೆಯ ಮೇಲೆ ಬಳಿಯುತ್ತ ಬಂದ. ಸೊಂಟದಿಂದ ದಡಿಯವರೆಗೆ ಗೆರೆ ಅಳಿಸಿಹೋಗುತ್ತಿರುವಾಗಲೇ ಸವಿತಾ ಚಿಗವ್ವನನ್ನು ಕರೆದುಕೊಂಡು ಒಳಗೆ ಬಂದಳು. ಫೋಟೋಕ್ಕೆ ಉಟ್ಟಿದ್ದ ಅದೇ ಸೀರೆ ಚಿಗವ್ವನ ಮೈಮೇಲೆ ಇತ್ತು. ಬೋರ್ಡಿನ ಜೊತೆ ತಾಳೆ ನೋಡಲಿ ಎಂದು ಮಗಳೇ ಉಡಿಸಿದ್ದಳಂತೆ.

"ಏನು ಒರಸಾಕತ್ತೀಯೋ ಮೆಹಬೂಬ?" ಎಂದಳು ಚಿಗವ್ವ, ಮೂಗಿಗೆ ಸೆರಗು ಹಿಡಿದು. ಆ ಘಾಟು ಆಕೆಗೆ ಆಗಿಬರುವುದಿಲ್ಲ.

"ನಿನ್ನ ಸೀರ್ಯಾಗಿನ ಗೆರಿ ಚಿಗವ್ವ. ಮುಂಜಾನಿಂದ ನಮ್ಮ ಜೀವಾ ತಿಂದೈತಿ."

ಚಿಗವ್ವ ತನ್ನ ಸೀರೆಯನ್ನೇ ಬಗ್ಗಿ ನೋಡಿಕೊಂಡಳು. ನಿರಿಗೆಯ ಪಕ್ಕದಲ್ಲಿ ಬೆರಳಾಡಿಸಿ ಅದನ್ನು ಹುಡುಕಿದಳು. ಆಮೇಲೆ ನಗಲು ಶುರು ಮಾಡಿದಳು.

"ಅಯ್ಯ, ಇದಾ? ಇದು ಮಗ್ಗ ನಿಂತ ಗೆರಿ. ಹಾಸು ಬಿಗದಾಂಗ ಬಿಟ್ಟು ಭಾಳ ದಿನಾ ನಿಂತ್ರ, ಮತ್ತ ಶುರು ಮಾಡಿದಲ್ಲೆ ಗೆರಿ ಬೀಳತೈತಿ. ಅದಕ್ಕ ದಿನಾ ಸಂಜೀಕ ಸಡಲ ಬಿಡೂದು."

"ಹಂಗಂದ್ರ ಅವತ್ತ ಯಾಕ ಬಿಡ್ಲಿಲ್ಲ?" ಎಂದು ಕೇಳಿದೆ. ಕೇಳಬೇಕಾದ ಪ್ರಶ್ನೆಯನ್ನು ಇಷ್ಟು ವರ್ಷಗಳ ಮೇಲೆ ಕೇಳುತ್ತಿದ್ದೆ.

"ಯಾರು ಬಿಡಬೇಕೋ? ಹಗ್ಗ ಬಿಡೂ ಹುಡುಗನ್ನ ಮೆಹಬೂಬನ ಆಯಿ, ಸೂಲಗಿತ್ತಿ ಫಾತಿಮಾಬಿನ್ನ ಕರಿಯಾಕ ಓಡಿಸಿದ್ದೆ. ಲಾಳಿ ಕೈಯಾಗ ಇತ್ತು, ಬ್ಯಾನಿ ಬಂತು. ಹಿಡಕೊಂಡು ಎಬ್ಬಿಸಿದ್ರು. ಸಂಜೀಕ ಇಕಿ ಹುಟ್ಟಿದ್ಲು." ಚಿಗವ್ವ ಗದ್ದ ತಿರುವಿ ಸವಿತಾಳನ್ನು ತೋರಿಸಿದಳು. "ಬಾಣಂತನ ಮುಗಿಸಿ ಮತ್ತ ಕುಣ್ಯಾಗ ಇಳದೆ. ಒಂದ ಎಳಿ ದಪ್ಪ ಬಿತ್ತು. ಸಾವಕಾರ್ರು, ಡಾಗ್ ಐತಿ, ಒಲ್ಲೆ ಅಂತ ತಿರುಗಿ ಕಳಿಸಿದ್ರು. ಚಲೋ ಸೀರಿ ಎಲ್ಲಾ ಅವರ ಒಯ್ತಿದ್ರು, ಇದೊಂದು ಮನ್ಯಾಗ ಉಳೀತು ನೋಡು."

ಆಗ ನನಗೆ ನೆನಪಾಯಿತು. ಓಡಿದ್ದಲ್ಲ, ಓಡಿ ವಾಪಸು ಬಂದಾಗ ಓಣಿಯಲ್ಲಿ ಸದ್ದೇ ಇಲ್ಲದ್ದು. ಚಿಗವ್ವನ ಮಗ್ಗದ ಸದ್ದಿಲ್ಲದ ಓಣಿ ನನಗೆ ನಮ್ಮ ಓಣಿ ಎನ್ನಿಸಿರಲಿಲ್ಲ. ಕಟ್ಟೆಯ ಮೇಲೆ ಕೂತು ನಾನು ಅತ್ತಿದ್ದೆ. ಫಾತಿಮಾಬಿ ಹೊರಗೆ ಬಂದು, ತಂಗಿ ಬಂದಾಳ, ಯಾಕ ಅಳತಿ ಎಂದು ಕೈಗೆ ಬೆಲ್ಲದ ಹರಳು ಕೊಟ್ಟಿದ್ದಳು. ಸವಿತಾ ಹುಟ್ಟಿದ್ದು ಗೊತ್ತಿತ್ತು, ಸದ್ದು ನಿಂತದ್ದೂ ಗೊತ್ತಿತ್ತು. ಇವೆರಡೂ ಸೇರಿ ಒಂದು ಸೀರೆಯಲ್ಲಿ ಕೂತಿವೆ ಎಂದು ಮಾತ್ರ ಗೊತ್ತಿರಲಿಲ್ಲ.

ಮೆಹಬೂಬನ ಕೈ ಮೌಸಿನ ಮೇಲೆಯೇ ನಿಂತಿತ್ತು. ಪರದೆಯ ಮೇಲಿನ ಸೀರೆಯಲ್ಲಿ ಗೆರೆ ಇರಲಿಲ್ಲ. ಚೊಕ್ಕಟ ನೀಲಿ.

"ಚಲೋ ಅಳಿಸೀಯಲ್ಲೋ," ಎಂದಳು ಚಿಗವ್ವ, ಪರದೆಗೆ ಮುಖ ತಂದು. "ನಾ ನೇಯೂ ಹೊತ್ತಿನ್ಯಾಗ ನೀ ಇರಬೇಕಾಗಿತ್ತು. ಅಳಿಸಿದ್ದ ಚಲೋ ಆತು. ಅಂಗಡಿ ಆಕಿದು, ಆಕೀಗೆ ಚಂದ ಕಾಣಬೇಕು."

ಸವಿತಾ ಅವ್ವನ ಮುಂದೆ ನೆಲಕ್ಕೆ ಕೂತಳು. ಸೀರೆಯ ಆ ಜಾಗವನ್ನು ಎರಡು ಬೆರಳಲ್ಲಿ ಹಿಡಿದು, ಸೊಂಟದಿಂದ ದಡಿಯವರೆಗೆ ಸವರಿದಳು. ಬಟ್ಟೆಯಲ್ಲಿ ಡಾಗು ಹುಡುಕುವ ಅವಳ ಬೆರಳುಗಳನ್ನು ನಾನು ಬಹಳ ಸಲ ನೋಡಿದ್ದೇನೆ. ಈ ಸಲ ಅವು ಏನನ್ನೂ ಹುಡುಕುತ್ತಿರಲಿಲ್ಲ. ಕಣ್ಣು ಒರೆಸಿಕೊಂಡು ಎದ್ದಳು.

"ಮೆಹಬೂಬಣ್ಣ," ಎಂದಳು, "ಸೇವ್ ಮಾಡಬ್ಯಾಡ್ರಿ."

ಗೆರೆ ಇದ್ದ ಬೋರ್ಡೇ ಮರುದಿನ ಬೆಳಿಗ್ಗೆ ಏರಿತು. ಕೆಳಗೆ ನಿಂತು ನೋಡುವವರಿಗೆ ಅದು ಕಾಣುವುದೇ ಇಲ್ಲ. ಕಂಡರೂ ಮಡಿಕೆ ಎಂದುಕೊಳ್ಳುತ್ತಾರೆ. ನನಗೆ ಮಾತ್ರ ಮೊದಲು ಕಾಣುವುದೇ ಅದು. ಹೊಡೆದು ನೋಡಿದ ತುಂಡುಗಳು ಅಂಗಡಿಯ ಮೂಲೆಯಲ್ಲಿ ಬಿದ್ದಿದ್ದವು. ಅವುಗಳಲ್ಲೊಂದು ಹೇಗೋ ನಮ್ಮ ಮಾಳಿಗೆ ಸೇರಿ ಎರಡನೆಯ ಜನ್ಮ ಕಂಡಿದೆ. ಇಷ್ಟನ್ನೂ ನನ್ನ ಹೆಂಡತಿಗೆ ಹೇಳಿ ಮುಗಿಸುವಷ್ಟರಲ್ಲಿ ಆಕೆ ಒಬ್ಬಳೇ ಮೆಣಸಿನಕಾಯಿಯನ್ನೆಲ್ಲ ಹರವಿ ಮುಗಿಸಿದ್ದಳು. ಗೆರೆಯ ಮೇಲಷ್ಟೇ ಹಾಕದೆ ಬಿಟ್ಟಿದ್ದಳು.

ಮೊನ್ನೆ ಸವಿತಾಳ ಅಂಗಡಿಯಲ್ಲಿ ಕೂತಿದ್ದೆ. ಕಾರಿನಲ್ಲಿ ಬಂದ ಹೆಣ್ಣುಮಗಳೊಬ್ಬರು ಬಹಳ ಹೊತ್ತು ಬೋರ್ಡು ನೋಡಿ ಒಳಗೆ ಬಂದರು. ಅವರಿಗೂ ಬಟ್ಟೆಯ ಕಣ್ಣು ಇತ್ತೆಂದು ಕಾಣುತ್ತದೆ.

"ಬೋರ್ಡಿನ ಮ್ಯಾಲೆ ನಿಮ್ಮ ತಾಯಿ ಉಟ್ಟಾರಲ್ರಿ, ನಡುವ ಒಂದ ಗೆರಿ ಇದ್ದದ್ದು. ಅಂಥಾ ಸೀರಿ ತೋರಸ್ರಿ."

ಸವಿತಾ ಗಾದಿಯ ಮೇಲೆ ಹರವಿದ್ದ ಸೀರೆಯನ್ನು ಮಡಚುತ್ತ ಇದ್ದಳು. ಮಡಚುವುದನ್ನು ನಿಲ್ಲಿಸಲಿಲ್ಲ.

"ಅದು ಒಂದ ಐತ್ರಿ," ಎಂದಳು. "ಅದನ್ನ ಮಾರಂಗಿಲ್ರಿ."